ವರ್ಷಕ್ಕೆ ನಾಲ್ಕು ಸಂಜೆ, ಹೊಲದ ಒಂದು ಉದ್ದ ಫೋಟೊ



ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ. ಈ ಸಲ ಗೊಬ್ಬರ, ಔಷಧಿ, ಈರುಳ್ಳಿ ರೇಟು ಯಾವುದರ ಬಗ್ಗೆಯೂ ಅಲ್ಲ. ಹೊತ್ತು ಮುಳುಗುವಾಗ ಹೊಲದ ಫೋಟೊ ತೆಗೆಯೋ ವಿಚಾರ. ನಿಂತ ಜಾಗದಲ್ಲೇ ತಿರುಗುತ್ತಾ ಆರೇಳು ಫೋಟೊ ತೆಗೆದು, ಅಂಚಿಗೆ ಅಂಚು ಸೇರಿಸಿ ಒಂದೇ ಉದ್ದನೆ ಫೋಟೊ ಮಾಡ್ತಾರಲ್ಲ, ಪನೋರಮಾ ಅಂತ, ಅದು.

"ಬೋರಲ್ಲಿ ನೀರಿಲ್ಲ, ಇವನಿಗೆ ಸೂರ್ಯಾಸ್ತದ ಚಿಂತೆ" ಅಂತ ನಗಬೇಡಿ. ನಾನು ಹೇಳೋಕೆ ಹೊರಟಿರೋದು ಇಷ್ಟು. ನಮ್ಮ ಕಡೆ ಪ್ರತಿಯೊಬ್ಬ ರೈತನೂ ವರ್ಷಕ್ಕೆ ನಾಲ್ಕು ಸಂಜೆ, ಒಂದೇ ಜಾಗದಲ್ಲಿ ನಿಂತು, ತನ್ನ ಹೊಲ ಮತ್ತು ಸುತ್ತಲಿನ ಬಯಲು ಪೂರ್ತಿ ಬರೋ ಹಾಗೆ ಇಂಥ ಒಂದು ಫೋಟೊ ತೆಗೆದು ಇಟ್ಟುಕೊಳ್ಳಬೇಕು. ಪಹಣಿ, ಪೋಡಿ ನಕ್ಷೆ ಇಟ್ಟಿರೋ ಟ್ರಂಕಿನಲ್ಲೇ ಇದಕ್ಕೂ ಒಂದು ಜಾಗ ಇರಬೇಕು. ಯಾಕೆ ಅಂತ ಹೇಳ್ತೀನಿ.

ನಮ್ಮ ಮಾರಿಕಣಿವೆಯನ್ನೇ ತಗೊಳ್ಳಿ. ವಾಣಿ ವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಲ್ಲಿ. ನಡುವೆ 89 ವರ್ಷ, ಅಂದರೆ ಮೂರು ತಲೆಮಾರು. 2022ರಲ್ಲಿ ಹೊಸದುರ್ಗದ ಕಡೆ ಹಿನ್ನೀರು ಹೊಲ, ತೋಟಗಳಿಗೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಹಿಂದೆ ತುಂಬಿದಾಗ ನೀರು ಎಲ್ಲಿವರೆಗೆ ಬಂದಿತ್ತು?" ಉತ್ತರ ಏನಿದ್ದರೂ "ನಮ್ಮಜ್ಜ ಹೇಳ್ತಿದ್ದ" ಅನ್ನೋದೇ. ಒಬ್ಬರಜ್ಜ ಹುಣಸೆಮರದ ತನಕ ಅಂದಿದ್ದ, ಇನ್ನೊಬ್ಬರಜ್ಜ ದೇವಸ್ಥಾನದ ಕಟ್ಟೆ ತನಕ ಅಂದಿದ್ದ. ಯಾರನ್ನ ನಂಬೋದು?

1933ರಲ್ಲಿ ನಮ್ಮ ಅಜ್ಜಂದಿರ ಹತ್ತಿರ ಕ್ಯಾಮೆರಾ ಇರಲಿಲ್ಲ, ಅವರನ್ನ ದೂರೋ ಹಾಗಿಲ್ಲ. ಆದರೆ 2022ರಲ್ಲಿ ನಮ್ಮೆಲ್ಲರ ಜೇಬಲ್ಲೂ ಕ್ಯಾಮೆರಾ ಇತ್ತು. ಕೋಡಿ ನೋಡೋಕೆ ಟ್ರ್ಯಾಕ್ಟರ್, ಬೈಕ್, ಬಸ್ಸು ಮಾಡ್ಕೊಂಡು ಹೋದ ಜನ ಎಷ್ಟು! ಎಲ್ಲರ ಫೋನಲ್ಲೂ ಕೋಡಿ ನೀರು, ಸೆಲ್ಫಿ, ಹಲ್ಲು ಕಿಸಿದ ಮುಖ. ಪಕ್ಕದ ಗುಡ್ಡ ಹತ್ತಿ, ಹಿನ್ನೀರಿನ ಅಂಚು ಈ ತುದಿಯಿಂದ ಆ ತುದಿವರೆಗೆ, ಹಿಂದಿನ ಬೆಟ್ಟದ ಸಾಲು ಗುರುತು ಸಿಗೋ ಹಾಗೆ ಒಂದೇ ಫೋಟೊದಲ್ಲಿ ಹಿಡಿದು ಇಟ್ಟವರು ಎಷ್ಟು ಜನ? 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆಗಲೂ ಅದೇ ಕಥೆ. ಮುಂದಿನ ಸಲ ತುಂಬೋದು ಹತ್ತು ವರ್ಷಕ್ಕೋ, ಐವತ್ತು ವರ್ಷಕ್ಕೋ. ಆಗ ನಮ್ಮ ಮೊಮ್ಮಕ್ಕಳು "ತಾತ ಹೇಳ್ತಿದ್ದ" ಅಂತಲೇ ಜಗಳ ಆಡಬೇಕಾ?

ಕೆರೆ, ಡ್ಯಾಂ ದೊಡ್ಡ ಮಾತಾಯ್ತು. ನಿಮ್ಮ ಹೊಲದ ಪಕ್ಕದ ಹಳ್ಳಾನೇ ನೋಡಿ. ಎತ್ತಿನ ಗಾಡಿ ಇಳಿದು ಹತ್ತುತ್ತಿದ್ದಷ್ಟು ಅಗಲದ ಹಳ್ಳ ಈಗ ಎಷ್ಟು ಕಡೆ ಚರಂಡಿಯಷ್ಟಾಗಿದೆ? ಯಾರೂ ಒಂದೇ ದಿನದಲ್ಲಿ ಮುಚ್ಚಿಲ್ಲ. ಈ ಕಡೆಯವರು ಒಂದು ವರ್ಷ ಎರಡು ಸಾಲು ಮುಂದೆ ಉತ್ತರು, ಆ ಕಡೆಯವರು ಮಾರನೇ ವರ್ಷ ಜೆಸಿಬಿ ತಂದಾಗ ಮಣ್ಣು ಅತ್ತ ತಳ್ಳಿದರು. ಬದುಗಳೂ ಹಾಗೇ. ಹಿರಿಯರು ಕಲ್ಲು ಹೊತ್ತು ಕಟ್ಟಿದ ಬದು ಟ್ರ್ಯಾಕ್ಟರ್ ತಿರುಗಿಸೋಕೆ ಅಡ್ಡ ಅಂತ ವರ್ಷಕ್ಕೆ ಒಂದೊಂದು ಮಾಯ ಆಯ್ತು. ಸಾವೆ, ರಾಗಿ, ಶೇಂಗಾ ಇದ್ದ ಕಡೆ ಅಡಿಕೆ ಬಂತು. ಗುಡ್ಡದ ಮೇಲೆ ಗಾಳಿಯಂತ್ರ ಬಂತು, ಅದಕ್ಕೆ ಗುಡ್ಡ ಸೀಳಿ ರಸ್ತೆ ಬಂತು, ಆ ರಸ್ತೆ ಮೇಲೆ ಬಿದ್ದ ಮಳೆನೀರು ಈಗ ಬೇರೆ ದಾರಿ ಹಿಡಿದು ಕೆಳಗಿನವರ ಹೊಲಕ್ಕೆ ನುಗ್ಗುತ್ತೆ. ಇದರಲ್ಲಿ ಕೆಲವು ಒಳ್ಳೆಯದಕ್ಕೆ ಆಗಿರಬಹುದು, ಕೆಲವು ಕೆಟ್ಟದ್ದಕ್ಕೆ. ದಿನಾ ನೋಡೋ ಕಣ್ಣಿಗೆ ಎರಡೂ ಕಾಣಲ್ಲ. ಮನೆ ಮಗು ಎತ್ತರ ಆಗಿದ್ದು ವರ್ಷಕ್ಕೊಮ್ಮೆ ಬರೋ ನೆಂಟರಿಗೆ ಕಾಣುತ್ತೆ, ತಾಯಿಗೆ ಕಾಣಲ್ಲ. ಹೊಲವೂ ಹಾಗೇ.

"ಫೋಟೊ ತೆಗೆದೇ ಇರ್ತೀವಲ್ಲ, ಬೆಳೆ ಸಮೀಕ್ಷೆ ಆ್ಯಪ್‌ಗೆ ಅಪ್‌ಲೋಡ್ ಮಾಡಲ್ವಾ" ಅಂತ ಕೇಳಬಹುದು. ಅದು ಬೇಕು, ಮಾಡಲೇಬೇಕು. ಆದರೆ ಅದು ಒಂದು ಸರ್ವೆ ನಂಬರಿನ ಒಂದು ಬೆಳೆಯ ಫೋಟೊ. ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಅದು ಗುಡ್ಡದ ನೆತ್ತಿಯಿಂದ ಹೊರಟು ಹತ್ತು ಜನರ ಹೊಲ ದಾಟಿ ಹಳ್ಳ ಸೇರುತ್ತೆ. ಗುಡ್ಡ, ಇಳಿಜಾರು, ಬದು, ಹಳ್ಳ, ಕೆಳಗಿನ ಕೆರೆ ಇಷ್ಟೂ ಒಂದೇ ಚಿತ್ರದಲ್ಲಿ ಸಿಕ್ಕಿದಾಗ ಮಾತ್ರ ಎಲ್ಲಿ ಕೈ ಹಾಕಿದರೆ ಎಲ್ಲಿ ಪೆಟ್ಟು ಬೀಳುತ್ತೆ ಅನ್ನೋದು ಅರ್ಥ ಆಗುತ್ತೆ. ಮಾಮೂಲಿ ಫೋಟೊದ ಚೌಕಟ್ಟಿಗೆ ಇಷ್ಟು ಹಿಡಿಸಲ್ಲ. ಅದಕ್ಕೇ ಜೋಡಿಸೋದು.

ಇದೇನು ನನ್ನ ತಲೆಯಲ್ಲಿ ಹುಟ್ಟಿದ ಹೊಸ ಐಡಿಯಾ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಅನ್ನೋ ಫೋಟೊಗ್ರಾಫರ್ ಒಂದು ಗುಡ್ಡದ ಮೇಲೆ ನಿಂತು, ಸುತ್ತ ತಿರುಗಿ 13 ಫೋಟೊ ತೆಗೆದು, ಇಡೀ ಊರನ್ನ ಸುಮಾರು 17 ಅಡಿ ಉದ್ದದ ಚಿತ್ರವಾಗಿ ಜೋಡಿಸಿದ. ಆಗ ಜನ ಅದನ್ನ ಚೆಂದದ ನೋಟ ಅಂತ ಕೊಂಡರು. 1906ರಲ್ಲಿ ಭೂಕಂಪ ಆಗಿ, ಬೆಂಕಿ ಬಿದ್ದು, ಆ ಊರಿನ ಬಹುಪಾಲು ನಾಶ ಆಯ್ತು. ಅಷ್ಟು ದಿನ ಗೋಡೆ ಅಲಂಕಾರ ಆಗಿದ್ದ ಚಿತ್ರ ಆವತ್ತಿನಿಂದ ಹಳೇ ಊರಿನ ಸಾಕ್ಷಿ ಆಯ್ತು.

ಅದೇ ದೇಶದ ಅರಣ್ಯ ಇಲಾಖೆಯವರು 1930ರ ದಶಕದಲ್ಲಿ ಕಾಡ್ಗಿಚ್ಚು ಕಾಯೋ ಗೋಪುರಗಳ ಹತ್ತಿರ ನಿಂತು, ಸುತ್ತಲಿನ ಕಾಡನ್ನೆಲ್ಲ ಮೂರು ಉದ್ದನೆ ಫೋಟೊದಲ್ಲಿ ಹಿಡಿದರು. ಒಂದೊಂದು ಫೋಟೊ 120 ಡಿಗ್ರಿ, ಮೂರು ಸೇರಿದರೆ ಪೂರ್ತಿ ಸುತ್ತು. ಆಸ್ಬೋರ್ನ್ ಅನ್ನೋ ನೌಕರ ಅದಕ್ಕಂತಲೇ ಒಂದು ಕ್ಯಾಮೆರಾ ಮಾಡಿದ್ದ. ಹೊಗೆ ಎಲ್ಲಿ ಎದ್ದಿದೆ ಅಂತ ಗುರುತು ಹಿಡಿಯೋಕೆ ತೆಗೆದ ಫೋಟೊಗಳವು. ಈಗ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದು, ಕಾಡು ಎಲ್ಲಿ ದಟ್ಟ ಆಗಿದೆ, ಎಲ್ಲಿ ಹೋಗಿದೆ ಅಂತ ಹೋಲಿಸಿ ನೋಡ್ತಿದ್ದಾರೆ.

ಇಥಿಯೋಪಿಯಾದ ಟಿಗ್ರೇ ಸೀಮೆಯದ್ದು ನಮಗೆ ಇನ್ನೂ ಹತ್ತಿರದ ಉದಾಹರಣೆ. ಅದೂ ಬರದ ಊರು, ಕಲ್ಲುಗುಡ್ಡ. 1868ರಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ಸೈನ್ಯದವರು ತೆಗೆದ ಫೋಟೊಗಳಿದ್ದವು. ಅದೇ ಜಾಗ ಹುಡುಕಿ ವಿಜ್ಞಾನಿಗಳು ಮತ್ತೆ ಫೋಟೊ ತೆಗೆದು ನೋಡಿದರೆ, ಎಷ್ಟೋ ಕಡೆ ಆಗಿಗಿಂತ ಈಗಲೇ ಗಿಡಮರ ಜಾಸ್ತಿ! ರೈತರು ಸೇರಿ ಕಟ್ಟಿದ ಕಲ್ಲುಬದು, ಮೇಯಿಸದೆ ಬಿಟ್ಟ ಗುಡ್ಡ ಇವುಗಳ ಫಲ ಕಣ್ಣಿಗೆ ಕಂಡಿತು. ಹಳೇ ಫೋಟೊ ಇಲ್ಲದಿದ್ದರೆ "ಎಲ್ಲಾ ಹಾಳಾಯ್ತು" ಅನ್ನೋ ಮಾತೇ ನಿಲ್ಲುತ್ತಿತ್ತು. ಕೆಟ್ಟದ್ದಕ್ಕೆ ಸಾಕ್ಷಿ ಬೇಕು, ನಿಜ. ನಾವು ಮಾಡಿದ ಒಳ್ಳೇ ಕೆಲಸಕ್ಕೂ ಬೇಕು.

ಸರಿ, ಹಗಲಲ್ಲೇ ತೆಗೆದರೆ ಆಗಲ್ವಾ, ಸಂಜೆನೇ ಯಾಕೆ? ಚೆಂದ ಕಾಣುತ್ತೆ ಅಂತ ಒಂದು. ಅದು ತಪ್ಪೇನಲ್ಲ, ನಮ್ಮ ಹೊಲ ನಮಗೆ ಚೆಂದ ಕಾಣಬೇಕು. ಆದರೆ ಮುಖ್ಯ ಕಾರಣ ನೆರಳು. ನಡು ಮಧ್ಯಾಹ್ನದ ಫೋಟೊ ನೋಡಿ, ಇಳಿಜಾರು ಹೊಲವೂ ರೊಟ್ಟಿ ತಟ್ಟಿದ ಹಾಗೆ ಸಪಾಟಾಗಿ ಕಾಣುತ್ತೆ. ಸೂರ್ಯ ಕೆಳಗಿಳಿದಷ್ಟೂ ನೆಲದ ಉಬ್ಬುತಗ್ಗು ಎದ್ದು ಕಾಣುತ್ತೆ. ಲೆಕ್ಕ ಹೇಳ್ತೀನಿ. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಒಂದು ಅಡಿ ಎತ್ತರದ ಬದುವಿನ ನೆರಳು ಸಮತಟ್ಟು ನೆಲದಲ್ಲಿ ಐದೂವರೆ ಅಡಿಗೂ ಜಾಸ್ತಿ. 5 ಡಿಗ್ರಿಗೆ ಇಳಿದಾಗ ಅದೇ ಬದುವಿನ ನೆರಳು 11 ಅಡಿ ದಾಟುತ್ತೆ. ಮಧ್ಯಾಹ್ನ ಕಣ್ಣಿಗೇ ಬೀಳದ ಕೊರಕಲು ಆಗ ಕಪ್ಪು ಗೆರೆ ಎಳೆದ ಹಾಗೆ ಕಾಣುತ್ತೆ. ಮಣ್ಣೊಳಗೆ ಹೂತ ಹಳೇ ಕೋಟೆ, ಹಳೇ ಹೊಲದ ಗೆರೆ ಹುಡುಕೋಕೆ ವಿಮಾನದಿಂದ ಫೋಟೊ ತೆಗೆಯೋ ಪುರಾತತ್ವದವರೂ ಇಂಥ ಓರೆ ಬಿಸಿಲನ್ನೇ ಕಾಯ್ತಾರೆ.

ಡಿಗ್ರಿ ಅಳೆಯೋಕೆ ಯಂತ್ರ ಬೇಡ. ಕೈ ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು ಸುಮಾರು 5 ಡಿಗ್ರಿ. ನಮ್ಮ ಕಡೆ ಸೂರ್ಯ ಮುಷ್ಟಿ ಎತ್ತರದಲ್ಲಿದ್ದರೆ ಮುಳುಗೋಕೆ ಇನ್ನೂ 40 ನಿಮಿಷ ಇದೆ ಅಂತ ತಿಳ್ಕೊಳ್ಳಿ, ಮೂರು ಬೆರಳಾದರೆ 20 ನಿಮಿಷ. ಆ ಇಪ್ಪತ್ತು ನಿಮಿಷವೇ ನೆಲದ ಫೋಟೊಗೆ ಒಳ್ಳೇ ಹೊತ್ತು. ಮುಳುಗಿದ ಮೇಲೆ ಇನ್ನೊಂದು ಹತ್ತು ನಿಮಿಷ ಕಾದರೆ ಆಕಾಶದ ಬೆಳಕಿಗೂ ನೆಲದ ಬೆಳಕಿಗೂ ಇರೋ ಅಂತರ ಕಮ್ಮಿ ಆಗಿ, ಸುತ್ತಲಿನ ಬಯಲು ಮೆತ್ತಗೆ, ಒಂದೇ ಸಮ ಬರುತ್ತೆ. ಆಗ ನೆರಳಿಲ್ಲ, ಆದರೆ ಕೆರೆ ನೀರಿನ ಅಂಚು ಚೆನ್ನಾಗಿ ಕಾಣುತ್ತೆ. ಯುರೋಪಿನವರ ವಿಡಿಯೊ ನೋಡಿ ಮೋಸ ಹೋಗಬೇಡಿ. ಅಲ್ಲಿ ಸಂಜೆಗತ್ತಲು ನಿಧಾನ. ನಮ್ಮಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಇಳಿಯೋದರಿಂದ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಕೆಲಸ ಮುಗೀತು.

ನಾಲ್ಕೇ ಸಂಜೆ ಯಾಕೆ ಅಂದರೆ, ಸೂರ್ಯ ದಿನಾ ಒಂದೇ ಕಡೆ ಮುಳುಗಲ್ಲ. ಇದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಯಾವ ತಿಂಗಳು ಯಾವ ಗುಡ್ಡದ ಸಂದಿಯಲ್ಲಿ ಇಳೀತಾನೆ ಅಂತ ಹೊಲದಲ್ಲಿರೋರಿಗೆ ಗೊತ್ತು. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸು ನೆಟ್ಟಗೆ ಪಶ್ಚಿಮದಲ್ಲಿ. ಜೂನ್ 21ರ ಹೊತ್ತಿಗೆ ನಮ್ಮ ಕಡೆಯಿಂದ ನೋಡಿದರೆ ಸುಮಾರು 24 ಡಿಗ್ರಿ ಬಲಕ್ಕೆ ಸರಿದು ವಾಯವ್ಯದ ಕಡೆ, ಡಿಸೆಂಬರ್ 21ರ ಹೊತ್ತಿಗೆ ಅಷ್ಟೇ ಎಡಕ್ಕೆ ಸರಿದು ನೈರುತ್ಯದ ಕಡೆ. ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ ಐದು ಮುಷ್ಟಿ ಅಗಲ. ಈ ನಾಲ್ಕು ದಿನ ಗುರುತು ಇಟ್ಕೊಂಡರೆ ಮಾರ್ಚಲ್ಲಿ ಒಣ ಹೊಲ, ಜೂನಲ್ಲಿ ಮೃಗಶಿರ ಮುಗಿದು ಆರಿದ್ರ ಹಿಡಿಯೋ ಹೊತ್ತು, ಸೆಪ್ಟೆಂಬರಲ್ಲಿ ಉತ್ತರೆ ಮಳೆಯ ಹಸಿರು, ಡಿಸೆಂಬರಲ್ಲಿ ಕೊಯ್ಲಿನ ಬಯಲು, ನಾಲ್ಕೂ ಸಿಕ್ಕವು. ಇನ್ನೊಂದು ಲಾಭ ಇದೆ. ಮಾರ್ಚ್ ಮತ್ತು ಸೆಪ್ಟೆಂಬರಲ್ಲಿ ಬಿಸಿಲು ಒಂದೇ ಕಡೆಯಿಂದ ಬೀಳೋದರಿಂದ, ಅದೇ ನೆರಳಿನಲ್ಲಿ ಒಣ ಹೊಲವನ್ನೂ ಹಸಿರು ಹೊಲವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಮೋಡ ಕವಿದರೆ ಒಂದೆರಡು ದಿನ ಆಚೀಚೆ ಆದರೂ ಪರವಾಗಿಲ್ಲ.

ಈಗ ತೆಗೆಯೋ ಕ್ರಮ. ದುಡ್ಡಿನ ಕ್ಯಾಮೆರಾ ಬೇಡ, ಕೈಯಲ್ಲಿರೋ ಫೋನೇ ಸಾಕು.

ಮೊದಲು ಜಾಗ ಗೊತ್ತು ಮಾಡಿ. ಪಂಪ್‌ಹೌಸ್ ಮಾಳಿಗೆ, ಮಟ್ಟಿ, ಕೆರೆ ಏರಿ, ದೊಡ್ಡ ಬಂಡೆ ಯಾವುದಾದರೂ ಸರಿ. ಸ್ವಲ್ಪ ಎತ್ತರ ಇರಲಿ, ಮುಂದೆ ಹತ್ತು ವರ್ಷ ಅಲ್ಲೇ ಇರುವಂಥದ್ದಾಗಲಿ. ನಿಲ್ಲೋ ಕಡೆ ಬಣ್ಣದಲ್ಲಿ ಒಂದು ಗುರುತು ಹಾಕಿ. ಪ್ರತಿ ಸಲ ಅದೇ ಗುರುತಿನ ಮೇಲೆ ನಿಲ್ಲಬೇಕು. ಹತ್ತಡಿ ಆಚೆ ನಿಂತರೂ ಹೋಲಿಕೆ ಕೆಡುತ್ತೆ.

ಫೋನನ್ನ ಉದ್ದಕ್ಕೆ, ನೆಟ್ಟಗೆ ಹಿಡೀರಿ. ಅಡ್ಡ ಹಿಡಿದರೆ ಕಮ್ಮಿ ಫೋಟೊದಲ್ಲಿ ಮುಗಿಯುತ್ತೆ ನಿಜ, ಆದರೆ ಚಿತ್ರ ಪಟ್ಟಿಯ ಹಾಗೆ ಸಣ್ಣ ಆಗಿ ಕಾಲಬುಡದ ಹೊಲವೂ ಮೇಲಿನ ಮೋಡವೂ ಕತ್ತರಿಸಿ ಹೋಗುತ್ತೆ. ಒಂದು ಫೋಟೊಗೂ ಮುಂದಿನದ್ದಕ್ಕೂ ಮೂರರಲ್ಲಿ ಒಂದು ಪಾಲು ಒಂದರ ಮೇಲೊಂದು ಬರಬೇಕು. ಅರ್ಧ ಸುತ್ತಿಗೆ ಆರೇಳು ಫೋಟೊ, ಪೂರ್ತಿ ಸುತ್ತಿಗೆ ಹನ್ನೊಂದು ಹನ್ನೆರಡು. 0.5 ಅಂತ ತೋರಿಸೋ ಅಗಲದ ಲೆನ್ಸ್ ಬೇಡ, ಅದು ಅಂಚಿನಲ್ಲಿ ಎಳೆದಾಡುತ್ತೆ. 1 ಇರಲಿ.

ಬೆಳಕಿಗೆ ಬೀಗ ಹಾಕೋದು ಬಹಳ ಮುಖ್ಯ. ಫೋನು ಪ್ರತಿ ಫೋಟೊಗೂ ತನ್ನಷ್ಟಕ್ಕೆ ಬೆಳಕು ಬದಲಾಯಿಸುತ್ತೆ. ಸೂರ್ಯನ ಕಡೆ ಕತ್ತಲು ಮಾಡುತ್ತೆ, ಬೆನ್ನ ಕಡೆ ಬೆಳ್ಳಗೆ ಮಾಡುತ್ತೆ. ಜೋಡಿಸಿದಾಗ ಆಕಾಶ ತೇಪೆ ಹಾಕಿದ ಕೌದಿ ಥರ ಆಗುತ್ತೆ. ಬಹಳಷ್ಟು ಫೋನುಗಳಲ್ಲಿ ಪರದೆ ಮೇಲೆ ಬೆರಳು ಒತ್ತಿ ಹಿಡಿದರೆ ಬೀಗದ ಗುರುತು ಬರುತ್ತೆ. ಸೂರ್ಯನ ಕಡೆಗೂ ಅಲ್ಲ, ಪೂರ್ತಿ ಬೆನ್ನ ಕಡೆಗೂ ಅಲ್ಲ, ಪಕ್ಕಕ್ಕೆ, ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿ, ಆಕಾಶ ಮತ್ತು ನೆಲ ಸೇರೋ ಕಡೆ ಒತ್ತಿ ಬೀಗ ಹಾಕಿ. ಆಮೇಲೆ ಅದನ್ನ ಮುಟ್ಟದೆ ಅಷ್ಟೂ ಫೋಟೊ ತೆಗೀರಿ. ಸೂರ್ಯನ ಸುತ್ತ ಸ್ವಲ್ಪ ಬೆಳ್ಳಗಾಗುತ್ತೆ, ಆಗಲಿ ಬಿಡಿ. ನಮಗೆ ಬೇಕಿರೋದು ಹೊಲ. ಬಣ್ಣಕ್ಕೂ ಹೀಗೇ. ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನ ಆಟೋದಿಂದ ತೆಗೆದು ಬಿಸಿಲಿನ ಚಿತ್ರಕ್ಕೆ ಇಡಿ. ಎಲ್ಲಾ ಒಂದು ನಿಮಿಷದೊಳಗೆ ಮುಗಿಸಿ. ತಡ ಮಾಡಿದರೆ ಬೆಳಕು ಇಳಿಯುತ್ತೆ, ಮೋಡ ಜರುಗುತ್ತೆ, ಜೋಡಣೆ ತಪ್ಪುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಆಚೀಚೆ ಜಿಗಿಯುತ್ತೆ, ದೂರದ ಮರ ಜಿಗಿಯಲ್ಲ. ಕೈ ಚಾಚಿ ಫೋನು ಹಿಡಿದು ನಾವು ತಿರುಗಿದಾಗಲೂ ಹೀಗೇ ಆಗುತ್ತೆ. ಲೆನ್ಸ್ ಒಂದೆರಡು ಅಡಿ ಸುತ್ತು ಹೊಡೆಯುತ್ತೆ, ಹತ್ತಿರದ ಬೇಲಿಗೂಟ ಒಂದೊಂದು ಫೋಟೊದಲ್ಲಿ ಒಂದೊಂದು ಕಡೆ ಬೀಳುತ್ತೆ. ಜೋಡಿಸಿದಾಗ ಗೂಟ ಎರಡಾಗುತ್ತೆ, ಇಲ್ಲಾ ಮುರಿಯುತ್ತೆ. ಉಪಾಯ ಸುಲಭ. ಗಾರೆ ಕೆಲಸದವರು ತೂಕದ ಗುಂಡು ಬಿಡ್ತಾರಲ್ಲ, ಹಾಗೆ ಫೋನಿನ ಲೆನ್ಸ್ ಪಕ್ಕಕ್ಕೆ ಒಂದು ದಾರ, ದಾರದ ತುದಿಗೆ ಒಂದು ನಟ್ಟು ಕಟ್ಟಿ. ನಟ್ಟು ಯಾವಾಗಲೂ ನೆಲದ ಗುರುತಿನ ಮೇಲೇ ನಿಲ್ಲೋ ಹಾಗೆ ನೀವು ಅದರ ಸುತ್ತ ಸುತ್ತಿ. ಆಗ ಲೆನ್ಸ್ ಜಾಗ ಬಿಡಲ್ಲ. ದಾರ ಬೇಡ ಅಂದರೆ ಹತ್ತಿರದಲ್ಲಿ ಬೇಲಿ, ಕಂಬ ಇಲ್ಲದ ಜಾಗ ಆರಿಸಿ.

ಜೋಡಿಸೋಕೆ ಕಂಪ್ಯೂಟರಿಗೆ ಹುಗಿನ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ಕಾಲೇಜಿಗೆ ಹೋಗೋ ಮಗನೋ ಮಗಳೋ ಅರ್ಧ ಗಂಟೆಯಲ್ಲಿ ಕಲೀತಾರೆ. ಇಂಥ ಸಾಫ್ಟ್‌ವೇರ್ ಎರಡು ಫೋಟೊದಲ್ಲೂ ಇರೋ ಒಂದೇ ಗುರುತುಗಳನ್ನ, ಒಂದು ಮರ, ಒಂದು ಬಂಡೆ, ಒಂದು ಮನೆ ಮೂಲೆ ಹೀಗೆ, ಹುಡುಕಿ ಅದರ ಮೇಲೆ ಹೊಂದಿಸುತ್ತೆ. ಅದಕ್ಕೇ ಬರೀ ಆಕಾಶ ಅಥವಾ ಬರೀ ಒಂದೇ ಸಮ ಹಸಿರು ಇರೋ ಫೋಟೊ ಅದಕ್ಕೆ ಅರ್ಥ ಆಗಲ್ಲ. ಒಂದರ ಮೇಲೊಂದು ಬರೋ ಭಾಗದಲ್ಲಿ ಏನಾದರೂ ಗುರುತು ಇರಲಿ. ಜೋರು ಗಾಳಿ ಇದ್ದರೆ ತೆಂಗಿನ ಗರಿ ಎರಡೆರಡು ಕಾಣುತ್ತೆ, ಗಾಳಿ ನಿಂತಾಗ ತೆಗೀರಿ. ಆರು ಫೋಟೊ ಜೋಡಿಸಿದರೆ ಹತ್ತು ಸಾವಿರ ಪಿಕ್ಸೆಲ್ ಅಗಲದ ಚಿತ್ರ ಆರಾಮಾಗಿ ಬರುತ್ತೆ, ದೊಡ್ಡ ಬ್ಯಾನರ್‌ಗೂ ಸಾಕು. ಕಳಿಸೋವಾಗ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, ಫೋಟೊ ಅಂತ ಕಳಿಸಿದರೆ ಹಿಂಡಿ ಸಣ್ಣ ಮಾಡಿಬಿಡುತ್ತೆ.

ಫೋನಲ್ಲೇ ಪನೋರಮಾ ಅಂತ ಒಂದು ಬಟನ್ ಇದೆಯಲ್ಲ, ಎಳೆದುಕೊಂಡು ಹೋದರೆ ತಾನೇ ಮಾಡುತ್ತಲ್ಲ ಅಂತ ನೀವು ಕೇಳ್ತೀರಿ. ನೆಂಟರಿಗೆ ಕಳಿಸೋಕೆ ಅದು ಸಾಕು. ದಾಖಲೆಗೆ ಸಾಲದು ಅಂತೀನಿ ನಾನು. ಯಾಕಂದ್ರೆ ಅದು ಸಣ್ಣ ಸಣ್ಣ ಸೀಳು ಜೋಡಿಸುತ್ತಾ ಹೋಗುತ್ತೆ, ಮೂಲ ಫೋಟೊ ಯಾವುದೂ ನಿಮ್ಮ ಕೈಗೆ ಉಳಿಯಲ್ಲ. ಎಲ್ಲಿ ಏನು ಬಿಟ್ಟಿದೆ, ಏನು ಎಳೆದಿದೆ ಅಂತ ಆಮೇಲೆ ನೋಡೋಕೆ ದಾರಿ ಇಲ್ಲ.

ಇಲ್ಲೇ ನನ್ನ ಎರಡನೇ ಮುಖ್ಯ ಮಾತು. ಜೋಡಿಸಿದ ಫೋಟೊವನ್ನ ಕುರುಡಾಗಿ ನಂಬಬೇಡಿ. ಸುತ್ತಲಿನ ನೋಟವನ್ನ ಚಪ್ಪಟೆ ಕಾಗದಕ್ಕೆ ಬಿಡಿಸಿದಾಗ ನೆಟ್ಟಗಿನ ಬದು ಬಿಲ್ಲಿನ ಥರ ಬಾಗುತ್ತೆ. ಹತ್ತಿರದ್ದು ಹಿಗ್ಗುತ್ತೆ, ದೂರದ್ದು ಕುಗ್ಗುತ್ತೆ. ಜೋಡಣೆ ಗೆರೆಯ ಮೇಲಿದ್ದ ಮರವೇ ಮಾಯ ಆಗಬಹುದು. ಹಾಗಾಗಿ ಈ ಫೋಟೊ ಹಿಡಿದು "ನೋಡು, ನಿನ್ನ ಬದು ನನ್ನ ಕಡೆ ಬಾಗಿದೆ" ಅಂತ ಪಕ್ಕದವರ ಮೇಲೆ ಹೋಗಬೇಡಿ. ಅಳತೆ ಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಅದು ಸರ್ವೆಯವರ ಕೆಲಸ. ಫೋಟೊ ಹೇಳೋದು ಏನಿತ್ತು, ಏನಾಯ್ತು ಅಂತ. ಎಷ್ಟು ಅಡಿ ಅಂತ ಅಲ್ಲ. ಅದಕ್ಕೇ ಜೋಡಿಸಿದ್ದರ ಜೊತೆ ಮೂಲದ ಆರೇಳು ಫೋಟೊಗಳನ್ನೂ ಮುಟ್ಟದೆ, ತಾರೀಖು ಸಮೇತ, ಎರಡು ಕಡೆ ಇಟ್ಟಿರಿ.

ಬಣ್ಣ ಬಳಿಯೋದೂ ಬೇಡ. ಫಿಲ್ಟರ್ ಹಾಕಿದರೆ ಬೂದು ಆಕಾಶ ಕೆಂಡ ಆಗುತ್ತೆ, ಒಣಗಿದ ಮೆಕ್ಕೆಜೋಳ ಹಸಿರಾಗುತ್ತೆ. ಲೈಕು ಬರುತ್ತೆ, ದಾಖಲೆ ಹೋಗುತ್ತೆ. ನಮ್ಮ ಮೈಸೂರು ಸೀಮೆಯದ್ದೇ ಒಂದು ಕಥೆ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತಲ್ಲ, ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಅನ್ನೋ ಹುಡುಗ ಆ ಯುದ್ಧದ 120 ಅಡಿ ಉದ್ದದ ಪನೋರಮಾ ಚಿತ್ರ ಬರೆದು ಪ್ರದರ್ಶನಕ್ಕಿಟ್ಟ. ಜನ ಮುಗಿಬಿದ್ದು ನೋಡಿದರು. ಅವನು ಶ್ರೀರಂಗಪಟ್ಟಣವನ್ನ ಕಣ್ಣಿಂದ ನೋಡಿದವನೇ ಅಲ್ಲ! ಗೆದ್ದವರ ಕಡೆಯ ಮಾತು ಕೇಳಿ ಬರೆದ ಚಿತ್ರ. ನಮ್ಮ ನೆಲದ ಉದ್ದನೆ ಚಿತ್ರವನ್ನ ನಾವು ನಿಂತು ತೆಗೆಯದೆ ಹೋದರೆ ಬೇರೆ ಯಾರೋ ತಮಗೆ ಬೇಕಾದ ಹಾಗೆ ಬರೀತಾರೆ. ಆಗ ಕುಂಚ ಇತ್ತು, ಈಗ ಫಿಲ್ಟರ್ ಇದೆ, ಅಷ್ಟೇ ವ್ಯತ್ಯಾಸ.

"ಸ್ಯಾಟಲೈಟ್ ಇದೆಯಲ್ಲ, ಡ್ರೋನ್ ಇದೆಯಲ್ಲ" ಅನ್ನೋರಿಗೂ ಉತ್ತರ ಹೇಳ್ಬೇಕು. ಸೆಂಟಿನೆಲ್-2 ಅನ್ನೋ ಯುರೋಪಿನ ಉಪಗ್ರಹಗಳು 2015ರಿಂದ ಫೋಟೊ ತೆಗೀತಿವೆ, ಎರಡು ಸೇರಿ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಬರ್ತವೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಬಹಳ ಒಳ್ಳೇದು, ಉಪಯೋಗಿಸಿ. ಆದರೆ ಅದರ ಒಂದು ಚುಕ್ಕೆ ನೆಲದಲ್ಲಿ 10 ಮೀಟರ್ ಅಗಲ. ಒಂದು ಅಡಿ ಬದು, ಮೂರು ಅಡಿ ಕೊರಕಲು ಅದಕ್ಕೆ ಕಾಣಲ್ಲ. ಅದು ಬರೋದೂ ಬೆಳಿಗ್ಗೆ ಹತ್ತೂವರೆ ಆಸುಪಾಸು, ನೋಡೋದು ನೆತ್ತಿ ಮೇಲಿಂದ. ನಮ್ಮ ಸಂಜೆಯ ಓರೆ ಬಿಸಿಲನ್ನ ಅದು ಯಾವತ್ತೂ ಕಂಡಿಲ್ಲ. ಡ್ರೋನ್ ಒಳ್ಳೇದೇ, ಆದರೆ ಪ್ರತಿ ಸಲ ಬಾಡಿಗೆ ಕೊಟ್ಟು ತರಿಸೋರು ಎಷ್ಟು ಜನ? ನಿಂತ ಕಾಲ ಮೇಲೆ, ನಮ್ಮ ಕಣ್ಣಿನ ಎತ್ತರದಿಂದ ತೆಗೆದ ಫೋಟೊಗೆ ಇನ್ನೊಂದು ಗುಣ ಇದೆ. ಅದನ್ನ ನೋಡಿದ ತಕ್ಷಣ ಎಂಬತ್ತು ವರ್ಷದ ಅಜ್ಜಿಗೂ "ಇದು ನಮ್ಮ ಮೂಲೆ ಹೊಲ" ಅಂತ ಗೊತ್ತಾಗುತ್ತೆ. ನೆತ್ತಿ ಮೇಲಿನ ಚಿತ್ರ ತೋರಿಸಿದರೆ ನಮಗೇ ನಮ್ಮ ಮನೆ ಹುಡುಕೋಕೆ ಐದು ನಿಮಿಷ ಬೇಕು.

ಪಕ್ಕದವರ ಹೊಲವೂ ಫೋಟೊದಲ್ಲಿ ಬರುತ್ತೆ, ಜಗಳ ಆಗಲ್ವಾ ಅಂತ ಒಬ್ಬರು ಕೇಳಿದ್ದರು. ಮುಚ್ಚುಮರೆಯಿಂದ ತೆಗೆದರೆ ಆಗುತ್ತೆ. ಅದಕ್ಕೇ ಮೊದಲೇ ಹೇಳಿ: "ಮಾವ, ಫೋಟೊ ತೆಗೀತಿದ್ದೀನಿ, ನಿಮ್ಮ ತೋಟವೂ ಬರುತ್ತೆ, ನಿಮಗೂ ಒಂದು ಕಾಪಿ ಕೊಡ್ತೀನಿ." ಕೊಟ್ಟೂ ಬಿಡಿ. ಹಳ್ಳ ಹೂಳೆತ್ತೋ ಮಾತು, ಚೆಕ್ ಡ್ಯಾಂ ಎಲ್ಲಿ ಬೇಕು ಅನ್ನೋ ಮಾತು ಬಂದಾಗ ಹತ್ತು ಜನ ಹತ್ತು ಕಡೆ ಕೈ ತೋರಿಸೋ ಬದಲು ಆ ಒಂದು ಚಿತ್ರದ ಸುತ್ತ ಕೂತು ಮಾತಾಡಬಹುದು. ಮೇಲಿನ ಹೊಲದವನಿಗೆ ಕೆಳಗಿನ ಹೊಲದವನ ಕಷ್ಟ ಬಾಯಲ್ಲಿ ಹೇಳಿದರೆ ನಾಟಲ್ಲ. ತನ್ನ ಬದು ಒಡೆದ ಜಾಗದಿಂದ ಹೊರಟ ಕೊರಕಲು ಕೆಳಗಿನವರ ಶೇಂಗಾ ಹೊಲದಲ್ಲಿ ಹೋಗಿ ನಿಂತದ್ದನ್ನ ಒಂದೇ ಫೋಟೊದಲ್ಲಿ ಕಂಡರೆ ನಾಟುತ್ತೆ. ನನ್ನ ಆಸೆ ಏನಪ್ಪಾ ಅಂದರೆ, ಊರಿಗೊಂದಾದರೂ ಇಂಥ ಚಿತ್ರ ದೊಡ್ಡದಾಗಿ ಪ್ರಿಂಟ್ ಆಗಿ ಹಾಲಿನ ಡೈರಿ ಗೋಡೆ ಮೇಲೆ ಇರಬೇಕು, ವರ್ಷ ಬರೆದು. ಮುಂದಿನ ವರ್ಷದ್ದು ಅದರ ಕೆಳಗೆ.

ಖರ್ಚು ಲೆಕ್ಕ ಹಾಕಿ. ಫೋನು ಇದೆ, ದಾರ ಇದೆ, ನಟ್ಟು ಇದೆ. ವರ್ಷಕ್ಕೆ ನಾಲ್ಕು ಸಂಜೆ, ಸಂಜೆಗೆ ಹತ್ತು ನಿಮಿಷ. ಒಟ್ಟು ಮುಕ್ಕಾಲು ಗಂಟೆಯೂ ಆಗಲ್ಲ. ಇಷ್ಟು ಹೊತ್ತು ಬೀಡಾ ಅಂಗಡಿ ಮುಂದೆ ಸುಮ್ಮನೆ ಹೋಗುತ್ತೆ.

ಕೊನೆಗೆ ಒಂದು ಮಾತು. ಹೊತ್ತು ಮುಳುಗುವಾಗ ಎಲ್ಲರೂ ಪಶ್ಚಿಮಕ್ಕೇ ನೋಡ್ತಾರೆ. ಪೂರ್ತಿ ಸುತ್ತು ತೆಗೆಯೋಕೆ ಶುರು ಮಾಡಿದರೆ ಪೂರ್ವಕ್ಕೂ ತಿರುಗಲೇಬೇಕು. ಆಕಾಶ ತಿಳಿಯಾಗಿದ್ದ ದಿನ ಸೂರ್ಯ ಮುಳುಗಿ ಐದು ಹತ್ತು ನಿಮಿಷಕ್ಕೆ ಪೂರ್ವದಲ್ಲಿ ದಿಗಂತದ ಮೇಲೆ ಬೂದು ನೀಲಿ ಪಟ್ಟಿಯೊಂದು ಏಳುತ್ತೆ, ಅದರ ಮೇಲೆ ತೆಳು ಗುಲಾಬಿ. ಆ ನೀಲಿ ಪಟ್ಟಿ ಬೇರೇನಲ್ಲ, ನಾವು ನಿಂತಿರೋ ಭೂಮಿಯದ್ದೇ ನೆರಳು, ಗಾಳಿಯ ಮೇಲೆ ಬಿದ್ದಿರೋದು. ದಿನಾ ಬೆನ್ನ ಹಿಂದೆ ನಡೆಯೋ ಇದನ್ನ ಎಷ್ಟು ಜನ ನೋಡಿದ್ದೀವಿ? ದನ ಹೊಡ್ಕೊಂಡು ಮನೆ ಕಡೆ ಹೋಗೋ ಆತುರದಲ್ಲಿ ತಿರುಗೋದೇ ಇಲ್ಲ.

ಜಾಗ ಇವತ್ತೇ ಗುರುತು ಮಾಡಿ. ಮುಂದೆ ಮೇಲಿನ ನಾಲ್ಕು ತಾರೀಖಲ್ಲಿ ಯಾವುದು ಮೊದಲು ಬರುತ್ತೋ ಅವತ್ತು ಶುರು ಮಾಡಿ. ಹಿನ್ನೀರಿನ ಕಡೆಯವರು, ಹಳ್ಳದ ಪಕ್ಕದವರು, ಗಾಳಿಯಂತ್ರದ ಗುಡ್ಡದ ಕೆಳಗಿನವರು ತಪ್ಪಿಸಲೇಬೇಡಿ. ತೆಗೆದದ್ದನ್ನ ಊರು, ತಾರೀಖು, ನಿಂತ ಜಾಗ ಬರೆದು ಇಲ್ಲಿ ಹಾಕಿ, ಫಿಲ್ಟರ್ ಹಾಕದೆ. ದಾರದ ವಿಷಯದಲ್ಲಿ, ಜೋಡಿಸೋ ವಿಷಯದಲ್ಲಿ ಅನುಮಾನ ಇದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳ್ತೀನಿ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಅದನ್ನೂ ಬರೀರಿ.